ಎಲೆ ಅಡಿಕೆ ಕೇಳುವ ಕಾರು

ಕಾಕಾ ಕೊಣ್ಣೂರಿನಲ್ಲಿ ಬೀಜದ ಅಂಗಡಿಗೆ ಹೋಗಿದ್ದರು. ನಾನು ಅವರ ಕಾರಿನಲ್ಲಿ ಕೂತಿದ್ದೆ. ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಿಂದೆ ಬಂದು ನಿಂತಿತು.

"ಗಾಡಿ ತಗೀರಿ!" ಎಂದು ಡ್ರೈವರ್ ಕೂಗಿದ.

ಎಷ್ಟು ಸಲ ಚಾವಿ ತಿರುವಿದರೂ ಕಾರು ಉಸಿರೆತ್ತಲಿಲ್ಲ. ಹುಕ್ಕೇರಿಯಿಂದ ನಾನೇ ಓಡಿಸಿಕೊಂಡು ಬಂದ ಕಾರು! ಹಿಂದೆ ಹಾರ್ನುಗಳ ಗದ್ದಲ, ಒಳಗೆ ನನ್ನ ಅಂಗಿ ಒದ್ದೆ.

ಕಾಕಾ ಬಂದವರೇ ಬಾಜೂ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದು ಎಲೆ ಅಡಿಕೆಯ ಚೀಲ ತೆಗೆದರು. "ಈಗ ಚಾಲೂ ಮಾಡು."

ಚಾವಿ ತಿರುವಿದ್ದೇ ತಡ, ಕಾರು ಗುರುಗುಟ್ಟಿತು. ನಾನು ಬಾಯಿ ತೆರೆದು ಅವರನ್ನೇ ನೋಡಿದೆ.

"ಡಬ್ಬಿ ಮುಚ್ಚಳಕ್ಕ ಕಳ್ಳ ಸ್ವಿಚ್ ಐತಿ. ಮುಚ್ಚಳ ತಗೀಲಾರದ ಇಂಜಿನ್ ಚಾಲೂ ಆಗೂದಿಲ್ಲ. ಬ್ಯಾರೆ ಕಡೆ ಇಟ್ರ ಮರೀತೇನಿ, ಎಲಿ ಹಾಕ್ಕೊಳ್ಳೂದು ಮರಿಯಾಂಗಿಲ್ಲ. ಹೋದ ಸಂತ್ಯಾಗ ಒಬ್ಬ ಕಳ್ಳ ವೈರ್ ಜೋಡಿಸಿ ಜೋಡಿಸಿ ಸೋತು ಓಡಿದ!"

ಹುಕ್ಕೇರಿಯಲ್ಲಿ ಹೊರಡುವಾಗಲೂ ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದದ್ದು ನೆನಪಾಯಿತು. ಚಟವನ್ನೇ ಬೀಗ ಮಾಡಿಕೊಂಡ ಆ ತಲೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮನೆಯಲ್ಲಿ ಕಾಕಾರ ಹೆಂಡತಿ ಕಾಕುವಿನ ಮುಂದೆ ಈ ಉಪಾಯವನ್ನು ಹೊಗಳಿದೆ. ಕಾಕು ನಗಲಿಲ್ಲ.

"ಎಲಿ ಅಡಿಕಿ ಬಿಡ್ರಿ ಅಂತ ಡಾಕ್ಟರ್ ಹೇಳಿದ ಮರುದಿನಾನ ಆ ಸ್ವಿಚ್ ಹಾಕಿಸ್ಯಾರಪಾ. ಈಗ ಬಿಡ್ರಿ ಅಂದ್ರ, ಗಾಡಿ ಚಾಲೂ ಆಗೂದಿಲ್ಲಲಾ ಅಂತಾರ."