ಸೂಜಿ ಅಕ್ಕನ ನಲವತ್ತು ನಿಮಿಷ

ಬೆಳಗಿನ ಐದೂವರೆ. ಓಟದ ಟ್ರ್ಯಾಕಿನ ಅಂಚಿನಲ್ಲಿ ಮಡಚುವ ಮೇಜು, ಮಂಜುಗಡ್ಡೆಯ ಡಬ್ಬಿ, ಸಾಲಾಗಿ ಟ್ಯೂಬುಗಳು. ಏದುಸಿರು ಬಿಡುತ್ತಾ ಬಂದ ಹುಡುಗಿಯ ತೋಳಿಗೆ ಪಟ್ಟಿ ಬಿಗಿದು, "ಆ ಕಡೆ ನೋಡು, ಕಾಗೆ ಎಣಿಸು" ಎನ್ನುತ್ತಾರೆ. ಹುಡುಗಿ ಎರಡನೇ ಕಾಗೆಗೆ ಬರುವಷ್ಟರಲ್ಲಿ ರಕ್ತ ಟ್ಯೂಬಿನಲ್ಲಿದೆ. ಅದರ ಮೇಲೆ ಸಮಯ ಬರೆದು ಮಂಜಿನೊಳಗೆ ತುರುಕುತ್ತಾರೆ. ಕ್ರೀಡಾ ಹಾಸ್ಟೆಲಿನ ಲ್ಯಾಬಿನಲ್ಲಿ ಹದಿನೆಂಟು ವರ್ಷ ದುಡಿದರೂ ಇವರ ಹೆಸರು ಯಾವ ಫಲಕದಲ್ಲೂ ಇಲ್ಲ. ಹುಡುಗಿಯರಿಗೆ ಇವರು ಸೂಜಿ ಅಕ್ಕ.

ದಿನಕ್ಕೆ ಇಪ್ಪತ್ತನಾಲ್ಕು ತೋಳು, ನಲವತ್ತೆಂಟು ಟ್ಯೂಬು. ಓಟಕ್ಕೆ ಮೊದಲು ಒಂದು, ಮುಗಿದ ಹತ್ತು ನಿಮಿಷದೊಳಗೆ ಇನ್ನೊಂದು. ಜೋರಾಗಿ ಓಡಿದಾಗ ಸ್ನಾಯುವಿನಲ್ಲಿ, ಕಿಡಿಯಂತೆ ಕೋಶಗಳನ್ನು ಸುಡುವ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚುತ್ತವೆ. ಅವುಗಳ ಗುರುತು ರಕ್ತದಲ್ಲಿ ಏರಿ, ದಣಿವಾರಿದಂತೆ ತಾನೇ ಇಳಿಯುತ್ತದೆ. "ಹೊತ್ತು ತಪ್ಪಿದ್ರೆ ರಕ್ತಕ್ಕೂ ಮರೆವು ಬರುತ್ತೆ ಮೇಡಂ" ಎಂದು ನನ್ನತ್ತ ನೋಡಿ ನಗುತ್ತಾರೆ.

ಹೋದ ವರ್ಷ, ಈ ಕಿಡಿಗಳನ್ನು ಆರಿಸುತ್ತದೆನ್ನುವ ಆ್ಯಂಟಿಆಕ್ಸಿಡೆಂಟ್ ಮಾತ್ರೆಯ ಕಂಪನಿಯೊಂದು ಪರೀಕ್ಷೆಗೆ ಬಂತು. ಹನ್ನೆರಡು ಹುಡುಗಿಯರಿಗೆ ಮಾತ್ರೆ, ಉಳಿದವರಿಗೆ ಬರೀ ಸಕ್ಕರೆ ಗುಳಿಗೆ. ಕೊನೆಯ ದಿನ ಸಕ್ಕರೆ ಗುಳಿಗೆಯವರ ರಕ್ತ ಹೊತ್ತಿಗೇ ತೆಗೆದಾಗಿತ್ತು; ಮಾತ್ರೆ ನುಂಗಿದ ಹುಡುಗಿಯರು ಓಟ ಮುಗಿಸಿ ಬಂದಾಗ ಡಬ್ಬಿಯ ಮಂಜುಗಡ್ಡೆ ಕರಗಿತ್ತು. ಮಂಜಿಲ್ಲದೆ ತೆಗೆದ ರಕ್ತ ಕೆಡುತ್ತದೆ; ಅಕ್ಕ ಅಡುಗೆಮನೆಗೆ ಓಡಿ ಮಂಜು ತಂದು ರಕ್ತ ತೆಗೆಯುವಷ್ಟರಲ್ಲಿ ನಲವತ್ತು ನಿಮಿಷ. "ಡಬ್ಬಿ ಅರ್ಧವೇ ತುಂಬಿಸಿದ್ದೆ. ತಪ್ಪು ನಂದೇ" ಎನ್ನುವ ಅವರು, ಪ್ರತಿ ಟ್ಯೂಬಿನ ಮೇಲೂ 'ನಲವತ್ತು ನಿಮಿಷ ತಡ' ಎಂದು ಬರೆದೇ ಕಳಿಸಿದ್ದರು. ಕಂಪನಿಯ ವರದಿಯಲ್ಲಿ ಅದು ಹತ್ತು ನಿಮಿಷವಾಯಿತು! ತಾನಾಗಿ ಇಳಿದಿದ್ದ ಅಂಕಿಯ ಕೀರ್ತಿ ಮಾತ್ರೆಗೆ ಸಂದು, ಮಾತ್ರೆಯ ಡಬ್ಬದ ಮೇಲೆ ಬಣ್ಣದ ಗ್ರಾಫಾಗಿ ಕೂತಿದೆ. ಹಗಲುದರೋಡೆಗೆ ಬೇರೆ ಹೆಸರು ಬೇಕೆ?

ಈಗ ಎಲ್ಲರಿಗೂ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಮಾತ್ರೆ ಕಡ್ಡಾಯ. ಒಬ್ಬ ಹುಡುಗಿಯ ವೇಗವಂತೂ ಐದು ತಿಂಗಳಿಂದ ಒಂದು ಸೆಕೆಂಡೂ ಸುಧಾರಿಸಿಲ್ಲ. ಕೋಚ್ ಅವಳನ್ನು ಸೋಮಾರಿ ಎಂದು ಬೈಯುತ್ತಾರೆ. "ಸ್ವಲ್ಪ ಉರಿ ಬಿದ್ರೇನೇ ಸ್ನಾಯು ಗಟ್ಟಿಯಾಗೋದು ಅಂತ ಕೆಲವು ಡಾಕ್ಟರುಗಳು ಹೇಳ್ತಾರೆ. ಇವಳಿಗೆ ಆ ಉರಿ ಆರಿಸಿಬಿಟ್ಟಿದ್ದೀವೋ ಏನೋ, ನಂಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಮಕ್ಕಳಿಗೆ ನುಂಗಿಸಬಾರದು, ಅಷ್ಟೇ" ಎನ್ನುತ್ತಾರೆ ಅಕ್ಕ.

ಅಕ್ಕ ದೂರಿದ್ದಕ್ಕೆ ಹಾಸ್ಟೆಲಿನ ವ್ಯವಸ್ಥಾಪಕರು ಕೊಟ್ಟ ಉತ್ತರ: "ಚುಚ್ಚೋದು ನಿಮ್ಮ ಕೆಲಸ, ಯೋಚಿಸೋದು ನಮ್ಮದು." ಯೋಚಿಸಿದ ಚಂದ ನೋಡಿ! 'ಎಲ್ಲ ಟ್ಯೂಬುಗಳನ್ನೂ ಹೊತ್ತಿಗೆ ಸರಿಯಾಗಿ ತೆಗೆದೆ' ಎಂಬ ಕಾಗದವನ್ನು ಅಕ್ಕನ ಮುಂದಿಟ್ಟಿದ್ದಾರೆ. ಸಹಿ ಹಾಕದಿದ್ದರೆ ಈ ತಿಂಗಳಿಗೇ ಕೆಲಸ ಖಲಾಸ್. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಕೇಳಿದ ನನಗೇ ಮೈಯೆಲ್ಲ ಉರಿಯುತ್ತದೆ.

"ನಮ್ಮನೆಯವರೂ ಒಂದು ಸಹಿ ತಾನೇ ಅಂದ್ರು. ಹಾಗಾದ್ರೆ ನಮ್ಮ ಮಗಳಿಗೂ ದಿನಾ ಎಂಟು ಮಾತ್ರೆ ಕೊಡೋಣ್ವಾ ಅಂದೆ."

ಅಕ್ಕ ಕಾಗದ ತೆರೆದು ತೋರಿಸುತ್ತಾರೆ. ಸಹಿ ಬಿದ್ದಿದೆ. ಆದರೆ ಅಚ್ಚಾದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಕೆಳಗೆ ದುಂಡಗೆ ಬರೆದಿದ್ದಾರೆ: 'ನಲವತ್ತು ನಿಮಿಷ ತಡ. ತಪ್ಪು ನನ್ನದು.'

"ನಾಳೆ ಕೊಟ್ಟು ಬರ್ತೀನಿ. ಕೆಲಸ ಹೋದ್ರೆ ಹೋಗ್ಲಿ ಮೇಡಂ. ಹೋಗೋ ಮುಂಚೆ ಆ ಹನ್ನೆರಡು ಜನರ ರಕ್ತ ಇನ್ನೊಂದೇ ಒಂದು ಸಲ, ಹೊತ್ತಿಗೆ ಸರಿಯಾಗಿ ತೆಗೆಯೋಕೆ ಬಿಟ್ಟರೆ ಸಾಕು."