ಅತ್ತೆ ಕಾದಿಟ್ಟ ಹೆಸರು

ನಮ್ಮ ಶಾಲೆಯಲ್ಲಿ ಹಾಜರಿ ಕರೆಯುವಾಗ ಗುರುಗಳು ‘ಸವಿತಾ’ ಎಂದರೆ ಮೂವರು ಹುಡುಗಿಯರು ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ‘ಗಿಡ್ಡಿ ಸವಿತಾ’ ಎಂದಾಗ ಉಳಿದಿಬ್ಬರೂ ಕಿಸಕ್ಕನೆ ನಕ್ಕು ಕೂರುತ್ತಿದ್ದರು. ಹಾಗಾಗಿ ಹೆಸರು ಹೇಳಿದರೂ ನನ್ನ ಗುರುತು ಯಾರಿಗೂ ಹತ್ತುವುದಿಲ್ಲ, ಧೈರ್ಯವಾಗಿ ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ಐನಾಪುರದ ಸುತ್ತಮುತ್ತ ಹುಟ್ಟಿದ ನಮಗೆಲ್ಲ ಇದ್ದವು ಅವೇ ಹತ್ತಾರು ಹೆಸರು: ಸವಿತಾ, ಸುರೇಖಾ, ಕವಿತಾ, ಅಶ್ವಿನಿ, ವೈಶಾಲಿ, ಸಂಗೀತಾ, ಜಯಶ್ರೀ. ನಮಗಿಂತ ಹಿಂದಿನವರೆಲ್ಲ ಬಾಳವ್ವ, ಗಂಗವ್ವ, ಸತ್ಯವ್ವ. ಮಿರಜ್, ಸಾಂಗಲಿಗೆ ಹೋಗಿಬಂದವರು ಸೀರೆಯ ಜೊತೆ ಒಂದು ಹೊಸ ಹೆಸರನ್ನೂ ತರುತ್ತಿದ್ದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಎಂಥ ಹೊಸ ಹೆಸರು ಬಂದರೂ ಬಾಲಕ್ಕೆ ‘ಅವ್ವ’ ಕಟ್ಟಿಯೇ ಕರೆಯುತ್ತಿದ್ದಳು. ನಾನು ಸವಿತವ್ವ, ನನ್ನ ತಂಗಿ ಅಶ್ವಿನವ್ವ.

ನಮ್ಮಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಅಪ್ಪನದಲ್ಲ, ಹೆತ್ತ ಅವ್ವನದಂತೂ ಮೊದಲೇ ಅಲ್ಲ. ಅದು ಸೋದರತ್ತೆಯದು. ತೊಟ್ಟಿಲಿಗೆ ಹಾಕುವ ದಿನ ಅಪ್ಪನ ಅಕ್ಕನೋ ತಂಗಿಯೋ ಬಂದು, ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಧಪಧಪ ಗುದ್ದಬೇಕು. ಯಾಕೆ ಗುದ್ದುತ್ತಾರೆ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಅತ್ತಿಗೆ-ನಾದಿನಿಯರು ಹಳೆಯ ಸಿಟ್ಟು ತೀರಿಸಿಕೊಳ್ಳಲು ಮಾಡಿಕೊಂಡ ಪದ್ಧತಿ ಎಂದೇ ನನ್ನ ಅನುಮಾನ.

ಅಪ್ಪನಿಗೆ ಒಬ್ಬಳೇ ತಂಗಿ. ಅಥಣಿಯಲ್ಲಿ ಮ್ಯಾಟ್ರಿಕ್‌ವರೆಗೆ ಓದಿದವಳು, ರಾಯಬಾಗದ ಕಡೆ ಕೊಟ್ಟಿದ್ದರು. ನನಗೂ ತಂಗಿಗೂ ಹೆಸರಿಟ್ಟವಳು ಆಕೆಯೇ. ಸುಮ್ಮನೆ ಕೇಳಿದ ಹೆಸರನ್ನು ಎತ್ತಿ ಇಡುವ ಪೈಕಿ ಅಲ್ಲ, ಅರ್ಥ ಹುಡುಕಿಕೊಂಡೇ ಬರುತ್ತಿದ್ದಳು. ಸವಿತಾ ಎಂದರೆ ಸೂರ್ಯ ಎಂದು ನನ್ನ ತೊಟ್ಟಿಲ ಮುಂದೆ ಆಕೆ ಹೇಳಿದಾಗ ಆಯಿ ತಡೆಯಲಾರದೆ ಕೇಳಿದಳಂತೆ:

“ಸೂರ್ಯಾ ಗಂಡಸ ಅಲ್ಲೇನ ಬೇ?”

“ಗಂಡಸರ ಹೆಸರರೆ ಸಿಗಲಿ ತಗೋ ಯವ್ವಾ, ಹೊಲಾ ಅಂತೂ ನಮಗ ಕೊಡಂಗಿಲ್ಲ!”

ಈ ಮಾತನ್ನು ನಮ್ಮವ್ವ ಎಷ್ಟೋ ವರ್ಷ ಹೇಳಿ ಹೇಳಿ ನಗುತ್ತಿದ್ದಳು. ಅತ್ತೆ ಆಗ ಹಾಗಿದ್ದಳು. ಹಬ್ಬಕ್ಕೆ ತವರಿಗೆ ಬಂದರೆ ಓಣಿಯ ಬಸುರಿಯರೆಲ್ಲ ನಮ್ಮ ಕಟ್ಟೆಗೆ ಬರುತ್ತಿದ್ದರು. ಈಕೆ ಕಾಳು ಆರಿಸುತ್ತ, ವೈಶಾಲಿ ಅಂದರೆ ದೊಡ್ಡ ಊರು, ಉಜ್ವಲಾ ಅಂದರೆ ಝಗಝಗ ಹೊಳೆಯುವವಳು ಎಂದು ಒಂದೊಂದೇ ಹೇಳುವಳು. ಅವರು ತಮಗೆ ಹಿಡಿಸಿದ್ದನ್ನು ಕಟ್ಟಿಕೊಂಡು ಹೋಗುವರು.

ಒಂದು ಹೆಸರನ್ನು ಮಾತ್ರ ಆಕೆ ಯಾರಿಗೂ ಕೊಡುತ್ತಿರಲಿಲ್ಲ. ಸ್ವಾತಿ. ಸ್ವಾತಿ ಮಳೆಯ ಹನಿ ಸಿಂಪಿಯೊಳಗೆ ಬಿದ್ದರೆ ಮುತ್ತಾಗುತ್ತದಂತೆ. “ಅದು ನನ್ನ ಮಗಳದು, ಯಾರೂ ಮುಟ್ಟಬ್ಯಾಡ್ರಿ. ಕುರ್ರ್ ಅನ್ನಾಕಿ ನನ್ನ ನಾದಿನಿ ಇರಲಿ, ಹೆಸರ ಮಾತ್ರ ನಂದ” ಎಂದು ಬಹಿರಂಗವಾಗಿಯೇ ಹೇಳಿಬಿಟ್ಟಿದ್ದಳು. ಅಪ್ಪನ ತಮ್ಮ, ನಮ್ಮ ಕಾಕಾ, ದ್ರಾಕ್ಷಿ ಹಚ್ಚಿದ್ದ. ಚಾಟಣಿ ಮಾಡಿ, ಅಂದರೆ ಕಡ್ಡಿ ಕತ್ತರಿಸಿ ಬಿಟ್ಟ ಬಳ್ಳಿ ಚಿಗುರುವ ಹೊತ್ತಿಗೆ ಸ್ವಾತಿ ಮಳೆ ಸುರಿದರೆ ರೋಗ ಬಿದ್ದು ವರ್ಷದ ಬೆಳೆಯೇ ಹೋಗುತ್ತದೆ.

“ಅಕ್ಕಾ, ಆ ಮಳಿ ಹೆಸರ ತಗಿಬ್ಯಾಡ ಮಾರಾಯ್ತಿ, ನನ್ನ ದ್ರಾಕ್ಷಿ ಕೊಳಿತಾವು.”

“ಕೊಳತರ ಕೊಳಿಲಿ, ನನಗ ಮುತ್ತ ಬೇಕು!”

ಮುತ್ತು ಬರಲಿಲ್ಲ. ನಾನು ಒಂದನೆಯ ಇಯತ್ತೆ ಮುಗಿಸಿದೆ, ತಂಗಿಯೂ ಶಾಲೆಗೆ ಬಂದಳು, ಅತ್ತೆಯ ಮಡಿಲು ಹಾಗೇ ಉಳಿಯಿತು. ಮಿರಜ್‌ನ ದವಾಖಾನೆಗೆ ಅಲೆದರು. ಕೊಕಟನೂರ ಎಲ್ಲಮ್ಮನಿಗೆ ಹರಕೆ, ಯಡೂರ ವೀರಭದ್ರನಿಗೆ ಹರಕೆ. ಗಂಡನಿಗೆ ಪರೀಕ್ಷೆ ಮಾಡಿಸಿಕೊಳ್ಳೆಂದು ಒಬ್ಬರಾದರೂ ಹೇಳಿದ್ದರೆ ಕೇಳಿ! ಓಣಿಯ ಬಸುರಿಯರು ಬರುವುದನ್ನು ಬಿಟ್ಟರು. ಆಕೆಯ ಕಣ್ಣಿಗೆ ಬೀಳಬಾರದೆಂದು ಕೆಲವರು ಸೆರಗು ಎಳೆದುಕೊಂಡು ಆಚೆ ಬದಿಯಿಂದ ಹೋಗುತ್ತಿದ್ದರು. ಅದೇ ಹೆಂಗಸರು, ಇದೇ ಕಟ್ಟೆಯ ಮೇಲೆ ಕೂತು ಹೆಸರು ಒಯ್ದವರು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಅಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಎರಡನೆಯ ಸಲ ಹಡೆದಳು. ಮೊದಲನೆಯದು ಗಂಡು, ಇದು ಹೆಣ್ಣು. ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ. ಅತ್ತೆ ಬೆಳಗಿನ ಬಸ್ಸಿಗೇ ಬಂದಳು. ಕೈಯಲ್ಲಿ ಕೂಸಿನ ತಲೆಗೆಂದು ತಾನೇ ಹೊಲಿದ ಕುಂಚಿಗೆ, ಬೆಳ್ಳಿಯ ಕಾಲ್ಗಡಗ. ಅಡಿಗೆಮನೆಯಲ್ಲಿ ನಾನು ಗುಗ್ಗರಿಗೆ ಕೊಬ್ಬರಿ ತುರಿಯುತ್ತಿದ್ದೆ. ಆಯಿ ಆಕೆಯನ್ನು ಒಳಗೆ ಕರೆದು, ಮುಖ ನೋಡದೆ ಹೇಳಿದಳು:

“ಯವ್ವಾ, ಈ ಸಲ ನೀ ಕುರ್ರ್ ಅನ್ನೂದು ಬ್ಯಾಡ. ಮಡಿಲ ತುಂಬದಾಕಿ ಕೈಯಾಗ ತೊಟ್ಟಿಲ ಕೊಡಬಾರದ ಅಂತ ಬೀಗರು ಅನ್ನಾಕತ್ತಾರ.”

“ನೀ ಏನಂತಿ ಬೇ?”

“ನಾ ಏನ ಅನ್ನಲಿ? ಊರ ಬಾಯಿಗೆ ಮುಚ್ಚಳಾ ಹಾಕಾಕ ಆಗತೈತೇನ?”

ಆಯಿ ಅಷ್ಟಕ್ಕೇ ಬಿಟ್ಟಿದ್ದರೆ ಇರಲಿ ಅನ್ನಬಹುದಿತ್ತು, ಬಿಡಲಿಲ್ಲ.

“ಮತ್ತ, ನಿನ್ನ ತಮ್ಮನ ಹೇಂತಿಗೆ ಆ ಸ್ವಾತಿ ಅನ್ನೂ ಹೆಸರ ಮನಸಿಗೆ ಬಂದೈತಿ. ಕೊಟ್ಟಬಿಡ. ಕಾದ ಇಟ್ಟಕೊಂಡ ಕುಂತರ ಹೆಸರೇನ ಮರಿ ಹಾಕತೈತೇನ?”

“ತಗೊಳ್ರಿ” ಎಂದಳು ಅತ್ತೆ. ಅಷ್ಟೇ. ಜಗಳವಾಡಲಿ, ಕುಂಚಿಗೆ ಬಿಸಾಡಿ ಹೋಗಲಿ ಎಂದು ನಾನು ಕಾಯುತ್ತಿದ್ದೆ. ಆಕೆ ನನ್ನ ಕೈಯಿಂದ ಕೊಬ್ಬರಿ ಬಟ್ಟಲು ತೆಗೆದುಕೊಂಡು ತಾನೇ ತುರಿಯತೊಡಗಿದಳು.

ಅಪ್ಪನ ದೂರದ ಸಂಬಂಧದ ಅಕ್ಕ ಒಬ್ಬಳು, ಮನೆತುಂಬ ಮಕ್ಕಳಿದ್ದವಳು, ಕೂಸಿನ ಕಿವಿಯಲ್ಲಿ ಸ್ವಾತಿ ಎಂದಳು. ಗುದ್ದು ಬಿದ್ದವು, ನಗೆ ಎದ್ದಿತು. ಬೀಗರ ಪೈಕಿ ಯಾರೋ ಮುದುಕಿ, ಹಂಗಂದ್ರ ಏನವಾ ಎಂದು ಕೇಳಿದಳು. “ಯಾರಿಗೊತ್ತ ಬಿಡ್ರಿ, ಈಗ ಎಲ್ಲಾರೂ ಇಡತಾರ” ಎಂದಳು ಹೆಸರಿಟ್ಟ ಪುಣ್ಯಾತ್ಗಿತ್ತಿ. ಅರ್ಥ ಗೊತ್ತಿದ್ದವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

ಆಮೇಲೆ ಅತ್ತೆ ಆ ಹುಡುಗಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ‘ಏ ಕೂಸ’ ಎನ್ನುವಳು, ‘ಏ ಚಿನ್ನಿ’ ಎನ್ನುವಳು. ಹುಡುಗಿಯೋ, ಮನೆಯಲ್ಲಿ ಯಾರನ್ನೂ ಹಚ್ಚಿಕೊಳ್ಳದಷ್ಟು ಈಕೆಯನ್ನು ಹಚ್ಚಿಕೊಂಡಿತು. ಅತ್ತೆ ಬಂದಳೆಂದರೆ ಸೆರಗು ಬಿಡುತ್ತಿರಲಿಲ್ಲ.

ತೊಂಬತ್ತರ ದಶಕ ಶುರುವಾಗಿ, ಎಲ್ಲರೂ ಆಸೆ ಬಿಟ್ಟ ಮೇಲೆ ಅತ್ತೆ ಬಸುರಿಯಾದಳು. ದವಾಖಾನೆಯೋ ಎಲ್ಲಮ್ಮನೋ ವೀರಭದ್ರನೋ, ಯಾರ ಪುಣ್ಯವೆಂದು ಯಾರೂ ವಾದ ಮಾಡಲಿಲ್ಲ. ಸೀಮಂತದ ಕುಬಸ ಮಾಡಿ ತವರಿಗೆ ಕರೆತಂದರು. ಆಯಿ ದಿನಾ ಆಕೆಯ ತಲೆಗೆ ಎಣ್ಣೆ ಹಚ್ಚುವಳು, ಚಿಗವ್ವ ಮಂಚದಿಂದ ಇಳಿಯಗೊಡಳು. ಆಗಿನ ಹೊಸ ಹೆಸರುಗಳನ್ನೆಲ್ಲ ನಾನು ಶಾಲೆಯಿಂದ ಹೊತ್ತು ತರುತ್ತಿದ್ದೆ: ಪೂಜಾ, ಪ್ರಿಯಾಂಕಾ, ಸ್ನೇಹಾ, ಪಲ್ಲವಿ.

“ಪಲ್ಲವಿ ಅಂದ್ರ ಚಿಗುರಂತ ಅತ್ತಿ. ಚಲೋ ಐತಿ ಹೌದಿಲ್ಲ?”

“ಚಲೋ ಐತಿ.”

“ಇಡತೀಯೇನ?”

“ಮೊದಲ ಕೈಕಾಲ ಗಟ್ಟಿ ಇದ್ದ ಬರಲಿ ಬಾ” ಎಂದು ಮಾತು ಮರೆಸುವಳು.

ಹೆಣ್ಣೇ ಹುಟ್ಟಿತು. ಸಣ್ಣ ಕೂಸು, ತಲೆತುಂಬ ಕೂದಲು. ಐದನೆಯ ದಿನದ ಪೂಜೆ ಮುಗಿದಿತ್ತು, ತೊಟ್ಟಿಲ ದಿನ ಇನ್ನೂ ಬಂದಿರಲಿಲ್ಲ. ಒಂದು ಸಂಜೆ ಹಾಲು ಬಿಟ್ಟಿತು, ಮೈ ಕಾದಿತು. ದವಾಖಾನೆಗೆ ಒಯ್ದವರು ಮರುದಿನ ಹೊತ್ತೇರುವ ಮೊದಲೇ ಹಾಗೇ ತಿರುಗಿ ಬಂದರು. ಗಂಡಸರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊಲದ ಕಡೆ ನಡೆದರು.

ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹೋದವರ ಹೆಸರು ಹಿಡಿದು ಕರೆದು, ಅವರ ಗುಣ ಹಾಡಿ ಹಾಡಿ ಅಳುತ್ತಾರೆ. ಹಾಗೆ ಅತ್ತರೇ ಎದೆ ಹಗುರಾಗುವುದು. ಅಂದು ಪಡಸಾಲೆಯಲ್ಲಿ ಓಣಿಯ ಹೆಂಗಸರು ಬಂದು ಕೂತರು, ಯಾರಿಗೂ ಏನೆಂದು ಶುರು ಮಾಡಬೇಕೋ ತಿಳಿಯಲಿಲ್ಲ. ಹೆಸರಿಡದ ಕೂಸಿಗೆ ಅಷ್ಟು ಅಳಬಾರದವ್ವ ಎಂದಳು ಒಬ್ಬಳು. ಅತ್ತೆ ಗೋಡೆಗೆ ಆತು ಕೂತಿದ್ದಳು. ಹಾಲು ಒಸರಿ ಕುಪ್ಪಸ ತೊಯ್ದಿತ್ತು. ಒಮ್ಮೆಲೇ ಎದೆ ಬಡಿದುಕೊಂಡು ಚೀರಿದಳು:

“ಸ್ವಾತೀ… ನನ್ನ ಸ್ವಾತೆವ್ವಾ… ನನ್ನ ಬಿಟ್ಟ ಎಲ್ಲಿ ಹೋದಿ ನನ್ನ ಮಗಳ…”

ಅಂಗಳದಲ್ಲಿ ಮಣ್ಣಾಡುತ್ತಿದ್ದ ಚಿಗವ್ವನ ಮಗಳು ಓಡಿ ಬಂದಳು. ಅತ್ತೆ ತನ್ನನ್ನು ಹೆಸರು ಹಿಡಿದು ಕರೆದದ್ದೇ ಅವಳಿಗೆ ಸಂಭ್ರಮ. “ಎಲ್ಲೂ ಹೋಗಿಲ್ಲ ಅತ್ತಿ, ಇಲ್ಲೇ ಅದೀನಿ” ಎನ್ನುತ್ತ ಹೆಂಗಸರ ನಡುವೆ ನುಗ್ಗಿ, ಮಣ್ಣು ಹತ್ತಿದ ಕೈಯಿಂದಲೇ ಅತ್ತೆಯ ಕಣ್ಣು ಒರೆಸಹೋದಳು.

ಚಿಗವ್ವ ಅಡಿಗೆಮನೆಯಿಂದ ಹಾರಿ ಬಂದು ಮಗಳನ್ನು ಎಳೆದು ಎದೆಗೆ ಅವುಚಿಕೊಂಡಳು. ಚಿಗವ್ವ ಕೆಟ್ಟವಳಲ್ಲ, ಅಷ್ಟು ದಿನ ಆಕೆಯೇ ಬಾಣಂತನ ಮಾಡಿದ್ದಳು.

“ಅಕ್ಕಾರ, ನಿಮ್ಮ ಕಾಲ ಬೀಳತೀನ್ರಿ. ಇದ್ದ ಕೂಸಿನ ಹೆಸರ ಹಿಡದ ಅಳಬ್ಯಾಡ್ರಿ.”

ಅತ್ತೆಯ ದನಿ ಅಲ್ಲಿಗೇ ನಿಂತಿತು. ಚಿಗವ್ವನನ್ನು ನೋಡಿದಳು, ಅವಳ ತೋಳಲ್ಲಿ ಕೊಸರಾಡುತ್ತಿದ್ದ ಹುಡುಗಿಯನ್ನು ನೋಡಿದಳು. ಆಮೇಲೆ ಆಯಿಯ ಕಡೆ ತಿರುಗಿದಳು.

“ಹಂಗಾರ ಏನಂತ ಅಳ್ಲಿ ಬೇ ಯವ್ವಾ?”

ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಮ್ಮವ್ವ ನೆಲ ನೋಡಿದಳು, ನಾನೂ ನೋಡಿದೆ. ಅತ್ತೆ ಒಂದು ಗಳಿಗೆ ಕಾದಳು, ಯಾರಾದರೂ ಒಂದು ಹೆಸರು ಕೊಡುತ್ತಾರೇನೋ ಎಂದು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು, ಯಾರನ್ನೂ ಕರೆಯದೆ ಅತ್ತಳು.