ಡೋಣಿ ದಾರಿಯಲ್ಲಿ ತುಂಡಾಗದ ಗೆರೆ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವದ ಮಾತು ಬಂದರೆ ನಗುತ್ತಿದ್ದವಳು ನಾನು. ಆಂಬ್ಯುಲೆನ್ಸಿನಲ್ಲಿ ನರ್ಸ್ ಆಗಿ ಹೆಣದ ಪಕ್ಕ ಕೂತು ಚಹಾ ಕುಡಿದಿದ್ದೇನೆ. ಆದರೆ ಹೋದ ವರ್ಷ ಡೋಣಿ ಎಂಬ ಹಳ್ಳಿಯಿಂದ ಗದಗಿಗೆ ಬರುವಾಗ ನಡೆದದ್ದು ಖರೆ. ಸುಳ್ಳೆನಿಸಿದರೆ ನಮ್ಮ ಡ್ರೈವರ್ ಮೈಲಾರಪ್ಪನನ್ನು ಕೇಳಿ ನೋಡಿ.

ನಮ್ಮ ಗಾಡಿಯಲ್ಲಿ ಒಂದು ಮಾನಿಟರ್ ಇದೆ. ರೋಗಿಯ ಎದೆಬಡಿತ ಅದರಲ್ಲಿ ಹಸಿರು ಗೆರೆಯಾಗಿ ಓಡುತ್ತದೆ. ಅದೇ ಗೆರೆ ಗದಗಿನಲ್ಲಿ ಕೂತ ಡಾಕ್ಟರ ಪರದೆಯ ಮೇಲೂ ಓಡಬೇಕು. ಅದನ್ನು ನೋಡಿ ಅವರು ಹೆಡ್‌ಫೋನಿನಲ್ಲಿ ಹೇಳಿದ ಇಂಜೆಕ್ಷನ್ನನ್ನು ನಾನು ಕೊಡಬೇಕು. ಅವರು ಹೇಳದೆ ಕೊಡುವಂತಿಲ್ಲ.

ಕಪ್ಪತಗುಡ್ಡದ ಮಗ್ಗುಲಲ್ಲಿ ನೆಟ್‌ವರ್ಕ್ ಕೈಕೊಡುತ್ತದೆಂದು ಡೋಣಿಯ ಟವರಿನ ಕೆಳಗೆ ಒಂದು ಸರ್ವರ್ ಪೆಟ್ಟಿಗೆ ಇಟ್ಟಿದ್ದರು. ಗುಡ್ಡದ ಸೀಮೆಯಲ್ಲಿ ರೋಗಿಯನ್ನು ಅದು ನೋಡಿಕೊಳ್ಳುತ್ತದೆ, ಗೆರೆಯನ್ನೂ ದನಿಯನ್ನೂ ಡಾಕ್ಟರಿಗೆ ಮುಟ್ಟಿಸುತ್ತದೆ. ಗಾಡಿ ಡಂಬಳದ ಕಡೆ ಇಳಿಯುತ್ತಿದ್ದಂತೆ ದೂರದ ಕ್ಲೌಡಿಗೆ ಒಪ್ಪಿಸುತ್ತದೆ, ಕೈಯಿಂದ ಕೈಗೆ ಕೂಸು ದಾಟಿಸಿದ ಹಾಗೆ. ಕ್ಲೌಡ್ ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೆ ಪೆಟ್ಟಿಗೆ ಬಿಡುವುದಿಲ್ಲ.

ಆ ಪೆಟ್ಟಿಗೆಯನ್ನು ಕಿತ್ತು ಒಯ್ದವನು ನಮ್ಮ ಗಾಡಿಗಳ ಮಾಲೀಕ, ಎಲ್ಲರ ಬಾಯಲ್ಲಿ ಧಣಿ. ಲಕ್ಷ್ಮೇಶ್ವರದಲ್ಲಿ ಅವನ ಮಗನ ಮದುವೆ ಇತ್ತು. ದೂರದ ಬೀಗರು ಮೊಬೈಲಿನಲ್ಲಿ ನೋಡುವಾಗ ಅಕ್ಷತೆಯ ಹೊತ್ತಿಗೆ ವಿಡಿಯೋ ನಿಂತುಬಿಟ್ಟರೆ ಮರ್ಯಾದೆ ಹೋಗುತ್ತದಂತೆ!

ನಾನು ಫೋನ್ ಮಾಡಿದೆ. "ಧಣ್ಯಾರ, ಡೋಣಿ ಪೆಟ್ಟಿಗಿ ಜಲ್ದಿ ತಿರುಗಿ ಇಡಸ್ರಿ."

"ಮದವಿ ಮುಗೀಲಿ ತಡಿಯವಾ. ಅಷ್ಟರಾಗ ಯಾರ ಸಾಯಾಕತ್ತಾರಲ್ಲಿ?"

ಫಕ್ಕೀರವ್ವ ಸತ್ತಳು. ಡೋಣಿಯ ಹುಡುಗಿ, ಚೊಚ್ಚಲ ಹೆರಿಗೆ. ಕೂಸನ್ನು ಅವಳ ತಾಯಿಯ ಮಡಿಲಿಗೆ ಹಾಕಿ, ರಕ್ತ ನಿಲ್ಲದ ಅವಳನ್ನು ನಾವು ಗಾಡಿಗೇರಿಸಿದೆವು. ಊರು ದಾಟುತ್ತಲೇ ಡಾಕ್ಟರ ದನಿ ಕಡಿದುಹೋಯಿತು. ಅವಳು ನನ್ನ ಬಲಗೈ ಹಿಡಿದು ಮತ್ತೆ ಮತ್ತೆ ಕೇಳುತ್ತಿದ್ದಳು, "ಅಕ್ಕಾ, ಡಾಕ್ಟರ್ ಏನಂದ್ರು?" ಡಂಬಳದಲ್ಲಿ ಸಂಪರ್ಕ ಸಿಗುವಷ್ಟರಲ್ಲಿ ಆ ಕೈ ತಣ್ಣಗಾಗಿತ್ತು.

ಧಣಿಯ ಮನೆ ಹಾಳಾಗಲಿ ಎಂದು ಅಲ್ಲೇ ಬಾಯಿಬಿಟ್ಟು ಶಪಿಸಿದೆ. ಆ ಮಾತನ್ನು ನಾನು ಇವತ್ತಿಗೂ ಹಿಂತೆಗೆದುಕೊಂಡಿಲ್ಲ.

ಪೆಟ್ಟಿಗೆ ಆಮೇಲೆ ಮರಳಿ ಬಂತು. ಕೆಲವು ತಿಂಗಳು ಕಳೆದು ಒಂದು ರಾತ್ರಿ ಡೋಣಿಯ ಹತ್ತಿರದ ತೋಟದ ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಧಣಿ! ಎದೆ ಹಿಡಿದುಕೊಂಡು ಬೆವರುತ್ತಿದ್ದ. "ಉಳಸವಾ ತಾಯಿ..." ಅಂದ. ಫಕ್ಕೀರವ್ವ ನೆನಪಾದಳು. ಆದರೂ ಕೆಲಸ ಕೆಲಸವೇ. ತಂತಿಗಳನ್ನು ಅವನೆದೆಗೆ ಅಂಟಿಸಿ ಹೊರಟೆವು.

ಡೋಣಿಯ ಟವರ್ ದಾಟಿದೆವು... ಗಾಡಿಯ ಒಳಗೆ ಏನೋ ವಾಸನೆ. ಡೆಟಾಲಿನದಲ್ಲ.

ಮುಂದಿನಿಂದ ಮೈಲಾರಪ್ಪ ಕೇಳಿದ, "ಅಕ್ಕಾರ, ಲೋಬಾನ ಯಾಕ ಹಾಕೀರಿ?"

ಹೌದು, ಲೋಬಾನವೇ. ಎರೆದುಕೊಂಡ ಬಾಣಂತಿಯ ಕೂದಲಿಗೆ ಹಿಡಿಯುವ ಹೊಗೆ.

ಅಷ್ಟರಲ್ಲಿ ಮಾನಿಟರ್ ಕೂಗತೊಡಗಿತು. ಧಣಿಯ ಬಡಿತ ಇಳಿಯುತ್ತಿತ್ತು. "ಡಾಕ್ಟರ್, ಪಲ್ಸ್ ಬೀಳಾಕತ್ತೈತ್ರಿ! ಇಂಜೆಕ್ಷನ್ ಕೊಡ್ಲೇನ್ರಿ?"

ಡಾಕ್ಟರ ದನಿ ಪಕ್ಕದಲ್ಲೇ ಕೂತಂತೆ ಸ್ಪಷ್ಟವಾಗಿತ್ತು. "ಏನೂ ಬ್ಯಾಡ. ಗೆರಿ ಛಲೋ ಐತಿ. ಹಂಗ ಬರ್ರಿ."

"ನನ್ನ ಮುಂದಿನ ಗೆರಿ ಬ್ಯಾರೆ ಐತ್ರಿ! ಮನಿಷ್ಯಾ ಹೊಂಟಾನ್ರಿ!"

"ಆತು, ಆತು. ನೀವ್ ಹೇಳಿದ್ದು ಕೇಳಸ್ತು."

ಇಳಿಜಾರಿನಲ್ಲಿ ಯಾವಾಗಲೂ ಒಂದು ಚೂರಾದರೂ ದನಿ ಕಡಿಯುತ್ತದೆ. ಅಂದು ಎಲ್ಲಿಯೂ ಕಡಿಯಲಿಲ್ಲ. ನಾನು ಅರಚುತ್ತಿದ್ದೆ, ಅವರು ಸಮಾಧಾನವಾಗಿ ಹೂಂ ಅನ್ನುತ್ತಿದ್ದರು. ಧಣಿಯ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಪಕ್ಕದ ಖಾಲಿ ಸೀಟನ್ನೇ ನೋಡುತ್ತ ಅವನು ಗೋಡೆಗೆ ಸರಿದ.

"ಆಕಿನ್ನ ಇಳಸ್ರಿ... ಗಾಡಿ ನಿಂದ್ರಿಸಿ ಆಕಿನ್ನ ಇಳಸ್ರಿ..."

ನೌಕರಿ ಹೋದರೆ ಹೋಗಲಿ, ನಾನೇ ಕೊಟ್ಟುಬಿಡುತ್ತೇನೆಂದು ಔಷಧದ ಡಬ್ಬಿಗೆ ಕೈ ಚಾಚಿದೆ. ಯಾರೋ ನನ್ನ ಬಲಗೈ ಹಿಡಿದರು. ತಣ್ಣನೆಯ ಕೈ... ಆ ಹಿಡಿತ ನನಗೆ ಗೊತ್ತಿತ್ತು. ಕೊಸರಿದೆ, ಬೈದೆ, ಅತ್ತೆ. ಬಿಡಲಿಲ್ಲ. ಡಂಬಳದ ದೀಪಗಳು ಕಾಣುವ ಹೊತ್ತಿಗೆ ಮಾನಿಟರಿನ ಗೆರೆ ನೆಟ್ಟಗಾಯಿತು. ಆಗ ಕೈ ಸಡಿಲಾಯಿತು.

ಗದಗಿನಲ್ಲಿ ಡಾಕ್ಟರು ಬಾಗಿಲು ತೆಗೆದು ಹೆಣ ನೋಡಿ ಬೆಚ್ಚಿಬಿದ್ದರು. ಅವರ ಪರದೆಯ ಮೇಲೆ ಗೆರೆ ಇನ್ನೂ ಓಡುತ್ತಿತ್ತು. ತಂತಿ ಕಿತ್ತ ಮೇಲೂ ಅದು ಬಹಳ ಹೊತ್ತು ಓಡಿತು.

"ಆರಾಮ ಅದಾರಂತ ನೀವ ಹೇಳಿದ್ರಲ್ಲಾ?" ಎಂದು ನನ್ನ ಮೇಲೇ ಹರಿಹಾಯ್ದು ನಮ್ಮ ಮಾತಿನ ರೆಕಾರ್ಡಿಂಗ್ ಹಚ್ಚಿದರು.

"ಧಣ್ಯಾರಿಗೆ ನಿದ್ದಿ ಹತ್ತೇತ್ರಿ. ಇಂಜೆಕ್ಷನ್ ಏನೂ ಬ್ಯಾಡ್ರಿ..."

ಅದು ನನ್ನದೇ ದನಿ! ನಾನು ದಾರಿಯುದ್ದಕ್ಕೂ ಒದರುತ್ತಿದ್ದೆನೆಂದು ಮೈಲಾರಪ್ಪ ಆಣೆ ಮಾಡಿ ಹೇಳಿದ್ದರಿಂದ ಉಳಿದುಕೊಂಡೆ. ಪೆಟ್ಟಿಗೆ ಪರೀಕ್ಷಿಸಿದ ತಂತ್ರಜ್ಞರು ಯಾವ ದೋಷವೂ ಇಲ್ಲವೆಂದರು. ಡೋಣಿಯ ಪೆಟ್ಟಿಗೆ ಒಬ್ಬ ರೋಗಿಯನ್ನು ಒಪ್ಪಿಸಿದೆ, ಕ್ಲೌಡ್ ತೆಗೆದುಕೊಂಡಿದೆ, ನಡುವೆ ಎಲ್ಲೂ ತುಂಡಾಗಿಲ್ಲ ಎಂದರು.

ಮುಂದಿನ ವಾರ ಫಕ್ಕೀರವ್ವನ ತಾಯಿ ಮೊಮ್ಮಗುವನ್ನು ಸೊಂಟದ ಮೇಲೆ ಹೊತ್ತು ನನ್ನನ್ನು ಹುಡುಕಿಕೊಂಡು ಬಂದಳು. ರೆಕಾರ್ಡಿಂಗಿನ ವಿಷಯ ಆಸ್ಪತ್ರೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

"ಮಗಳು ಕನಸಿನ್ಯಾಗ ಬಂದಿದ್ಲವಾ," ಎಂದಳು ಮೆಲ್ಲಗೆ. "'ಅಕ್ಕನ ದನಿ ಇಸ್ಕೊಂಡಿದ್ನಿ ಬೇ' ಅಂದ್ಲು."

ನಾನು ಕೇಳಿದೆ, "ತಿರುಗಿ ಕೊಟ್ಲಂತೇನ?"

ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಅದನ್ನೇನೂ ಹೇಳ್ಲಿಲ್ಲವಾ."

ಅಂದಿನಿಂದ ಯಾರ ಮೇಲಾದರೂ ಸಿಟ್ಟು ಬಂದರೆ ಬಾಯಿಗೆ ಸೆರಗು ಒತ್ತಿಕೊಂಡು ಸುಮ್ಮನೆ ಕೂತುಬಿಡುತ್ತೇನೆ.